ಉತ್ತರದ ತಗಾದೆ

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಸ್ನೇಹಧರ್ಮವೆಂಬ ವಿಷಯವನ್ನು ಕುರಿತು ಭಾಷಣಮಾಡಿದ ಮಹನೀಯರೊಬ್ಬರು, ತಮ್ಮ ಮಾತಿನ ಕೊನೆಗೆ, ಅಲ್ಲಿ ನೆರೆದಿದ್ದ ತರುಣತರುಣಿಯರಿಗೆ ಒಂದು ಹಿತೋಪದೇಶವನ್ನು ಮಾಡಿದರು. ಅದರ ಸಾರಾಂಶ ಇಷ್ಟು: ಮೊಬೈಲಿನಲ್ಲಿ ನಾವು ಕಳುಹಿಸಿದ ಮಾತು ಕ್ಷಣಾರ್ಧದಲ್ಲಿ ಸ್ನೇಹಿತನ ಕೈಸೇರುತ್ತದೆ; ಅವನು ಅದನ್ನು ನೋಡಿದನೆಂಬುದಕ್ಕೆ ವಾಟ್ಸಾಪಿನ ಎರಡು ನೀಲಿ ಗುರುತುಗಳು ಸಾಕ್ಷಿ ನುಡಿಯುತ್ತವೆ; ನೋಡಿಯೂ ಹೊತ್ತು ಮುಳುಗುವುದರೊಳಗಾಗಿ ಉತ್ತರ ಕೊಡದವನಿಗೆ ನಮ್ಮಲ್ಲಿ ಆದರವಿಲ್ಲವೆಂದೇ ತಿಳಿಯತಕ್ಕದ್ದು; ಅಂಥವನ ಸ್ನೇಹವನ್ನು ಬಿಡುವುದೇ ಲೇಸು. ಸಭಿಕರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರೂ ತಲೆದೂಗಿದರು. ವೇಳೆ ಮೀರಿದ್ದುದರಿಂದ ಅಂದು ಪ್ರತಿವಾದಕ್ಕೆ ಅವಕಾಶ ದೊರೆಯಲಿಲ್ಲ. ಆ ಮಹನೀಯರಲ್ಲಿ ನಮಗೆ ಗೌರವವುಂಟು. ಆದರೆ ಅವರ ಉಪದೇಶವು ತಪ್ಪಾದುದೆಂದೂ, ತಪ್ಪಾಗಿರುವುದರ ಜೊತೆಗೆ ಅಪಾಯಕರವಾದುದೆಂದೂ ನಾವು ಭಾವಿಸುವುದರಿಂದ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ಅವರ ವಾದವು ನಿಂತಿರುವುದು ಒಂದು ಊಹೆಯ ಮೇಲೆ. ಹಿಂದಿನ ಕಾಲದಲ್ಲಿ ಉತ್ತರ ತಡವಾಗುತ್ತಿದ್ದುದು ದಾರಿಯ ದೂರದಿಂದ. ಈಗ ದೂರವೆಂಬುದೇ ಅಳಿದುಹೋಗಿರುವುದರಿಂದ ಉಳಿದ ತಡವೆಲ್ಲ ಮನಸ್ಸಿನ ತಡವೇ ಆಗಿರಬೇಕು ಎಂಬುದು ಆ ಊಹೆ. ಕೇಳುವುದಕ್ಕೆ ಇದು ಯುಕ್ತಿಯುಕ್ತವಾಗಿದೆ. ಕಾಗದದ ಕಾಲವನ್ನು ಕಣ್ಣಾರೆ ಕಂಡವರು ಮಾತ್ರ ಇದನ್ನು ಒಪ್ಪಲಾರರು. ಶಿವಮೊಗ್ಗೆಯಲ್ಲಿ ಪೆಟ್ಟಿಗೆಗೆ ಹಾಕಿದ ಕಾರ್ಡು ಎರಡು ಮೂರು ದಿನಗಳಲ್ಲಿ ಮೈಸೂರನ್ನು ಸೇರುತ್ತಿತ್ತು. ಅದಕ್ಕೆ ಉತ್ತರ ಬರುತ್ತಿದ್ದುದು ಹದಿನೈದು ದಿನಕ್ಕೋ ತಿಂಗಳಿಗೋ. ದಾರಿ ತಿಂದ ದಿನಗಳನ್ನು ಕಳೆದರೆ ಉಳಿದ ದಿನಗಳಲ್ಲಿ ಆ ಕಾರ್ಡು ಎಲ್ಲಿತ್ತು? ನಡುಮನೆಯ ಗೋಡೆಯಲ್ಲಿ, ಕೊಕ್ಕೆಯಂತೆ ಬಗ್ಗಿಸಿದ ಕಬ್ಬಿಣದ ತಂತಿಗೆ ಚುಚ್ಚಿಸಿಕೊಂಡು, ಹಳೆಯ ಕಾಗದಗಳ ಮೇಲೆ ಕುಳಿತಿತ್ತು. ಯಜಮಾನನು ಅದನ್ನು ಬಂದ ದಿನವೇ ಓದಿದ್ದನು. ಮನೆಯವರಿಗೂ ಓದಿ ಹೇಳಿದ್ದನು. ಆದರೆ ಗದ್ದೆಯಲ್ಲಿ ನಾಟಿಯಿತ್ತು, ಮಗುವಿಗೆ ಜ್ವರವಿತ್ತು, ಬರೆಯತಕ್ಕ ವಿಶೇಷವೇನೂ ಇರಲಿಲ್ಲ, ಅಥವಾ ಬರೆಯಬೇಕಾದ ಮಾತು ಇನ್ನೂ ಮನಸ್ಸಿನಲ್ಲಿ ಮಾಗಬೇಕಾಗಿತ್ತು. ಕಡೆಗೊಂದು ಮಧ್ಯಾಹ್ನ "ಉಭಯ ಕುಶಲೋಪರಿ ಸಾಂಪ್ರತ" ಎಂದು ಮೊದಲುಮಾಡಿ, ತಡವಾದುದಕ್ಕೆ ಒಂದು ವಾಕ್ಯದ ಸಮಾಧಾನ ಹೇಳಿ, ವಿಳಾಸದ ಮಗ್ಗುಲನ್ನೂ ಬಿಡದೆ ಕಾರ್ಡು ತುಂಬ ಬರೆಯುತ್ತಿದ್ದನು. ಆ ಉತ್ತರವನ್ನು ಪಡೆದವನು ದಿನಗಳನ್ನು ಎಣಿಸಿ ಜಗಳಕ್ಕೆ ಬರಲಿಲ್ಲ. ಹಿಂದೆಯೂ ತಡದ ಬಹುಭಾಗವು ಮನುಷ್ಯನದೇ ಆಗಿತ್ತು. ಅದನ್ನು ಅವಮಾನವೆಂದು ಓದುವ ಪದ್ಧತಿ ಇರಲಿಲ್ಲ, ಅಷ್ಟೆ.

ಹಾಗೆಂದು ಬೇಗನೆ ಉತ್ತರ ಬೇಕಾದ ವಿಷಯಗಳೇ ಇರಲಿಲ್ಲವೆಂದಲ್ಲ. ಅಂಥ ಸಂದರ್ಭದಲ್ಲಿ "ಮರುಟಪಾಲಿಗೆ ಉತ್ತರ ಬರೆಯತಕ್ಕದ್ದು" ಎಂದು ಕೊನೆಯಲ್ಲಿ ಗೆರೆ ಎಳೆದು ಬರೆಯುತ್ತಿದ್ದರು. ನಮ್ಮ ದೇಶದಲ್ಲಿ ಕಾಲಾಣೆಯ ಕಾರ್ಡು ಬಳಕೆಗೆ ಬಂದುದು 1879ನೆಯ ಇಸವಿಯ ಜುಲೈ ತಿಂಗಳಲ್ಲಿ. ಅನಂತರ ಜವಾಬಿ ಕಾರ್ಡು ಎಂಬುದೊಂದು ಬಂದಿತು: ಒಂದಕ್ಕೊಂದು ಅಂಟಿದ ಎರಡು ಕಾರ್ಡುಗಳು, ಒಂದು ಪ್ರಶ್ನೆಗೆ, ಇನ್ನೊಂದು ಉತ್ತರಕ್ಕೆ, ಎರಡರ ಹಾಸಲೂ ಕೇಳುವವನದೇ. ತಂತಿಯಲ್ಲಿಯೂ ಉತ್ತರದ ಶುಲ್ಕವನ್ನು ಮೊದಲೇ ಕಟ್ಟುವ ಏರ್ಪಾಡಿತ್ತು. 2013ರ ಜುಲೈಯಲ್ಲಿ ತಂತಿಯ ಇಲಾಖೆಯು ಬಾಗಿಲು ಮುಚ್ಚುವವರೆಗೂ, ತ್ವರೆಯ ಉತ್ತರವನ್ನು ಬಯಸುವವನು ತನ್ನ ಗಂಟಿನಿಂದ ಏನನ್ನಾದರೂ ಬಿಚ್ಚಬೇಕೆಂಬುದು ಲೋಕವು ಒಪ್ಪಿದ ನ್ಯಾಯವಾಗಿತ್ತು.

ಮೊಬೈಲು ಬಂದ ಹೊಸದರಲ್ಲಿಯೂ ಈ ನ್ಯಾಯ ಕೆಲಕಾಲ ಉಳಿದಿತ್ತೆಂಬುದನ್ನು ನಮ್ಮ ಭಾಷಣಕಾರರು ಮರೆತಂತಿದೆ. 1995ರಲ್ಲಿ ಈ ದೇಶಕ್ಕೆ ಬಂದ ಆ ಯಂತ್ರದಲ್ಲಿ 2003ರ ವರೆಗೆ ಕರೆ ಸ್ವೀಕರಿಸಿದವನೂ ಹಣ ತೆರಬೇಕಾಗಿತ್ತು. ಕಿರುಸಂದೇಶವೊಂದಕ್ಕೆ ಇಷ್ಟು ಕಾಸೆಂದು ದರವಿತ್ತು. ಯುಗಾದಿ ದೀಪಾವಳಿಗಳಂದು ದರವು ಇನ್ನೂ ಏರುತ್ತಿತ್ತು. ಉತ್ತರ ಬಾರದಿದ್ದರೆ ಸ್ನೇಹಿತನ ಕಿಸೆಯಲ್ಲಿ ಕರೆನ್ಸಿ ಮುಗಿದಿರಬಹುದೆಂದು ನಾವೇ ಅವನ ಪರವಾಗಿ ಸಮಾಧಾನ ಹೇಳಿಕೊಳ್ಳುತ್ತಿದ್ದೆವು. ಮಿಸ್ಡ್ ಕಾಲ್ ಎಂಬ ಆ ವಿಚಿತ್ರ ಉಪಾಯವನ್ನು ನೆನೆಯಿರಿ. ಎರಡು ಸಲ ಗಂಟೆ ಬಾರಿಸಿ ನಿಂತರೆ "ನಾನು ಮನೆ ಸೇರಿದೆ" ಎಂದು ಅರ್ಥ. ಅದಕ್ಕಿಂತ ಸಭ್ಯವಾದ ಸಂದೇಶವನ್ನು ನಾವು ಕಂಡಿಲ್ಲ. 2016ರಲ್ಲಿ ಜಿಯೋ ಕಾಲಿಟ್ಟ ಮೇಲೆ ಡಾಟಾ ದರ ಕುಸಿಯಿತು; ಸಂದೇಶಕ್ಕೆ ಬೆಲೆಯೇ ಇಲ್ಲದಂತಾಯಿತು. ಕೇಳುವುದು ಪುಕ್ಕಟೆಯಾದಂದಿನಿಂದ ಕೇಳುವವರು ಹೆಚ್ಚಿದರು. ಉತ್ತರ ಕೊಡುವವನ ಹೊತ್ತು ಮಾತ್ರ ಪುಕ್ಕಟೆಯಾಗಲಿಲ್ಲ. ಅವನಿಗೆ ದಿನಕ್ಕೆ ಇರುವುದು ಈಗಲೂ ಇಪ್ಪತ್ತನಾಲ್ಕೇ ಗಂಟೆ.

ಇನ್ನು ಆ ನೀಲಿ ಗುರುತುಗಳ ವಿಚಾರ. ನಮ್ಮ ಮೈಸೂರು ದೇಶದ ಅಂಚೆಯ ಚರಿತ್ರೆಯಲ್ಲಿ ಒಂದು ಸಂಗತಿಯುಂಟು. 1673ರಿಂದ 1704ರ ವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅಂಚೆಯನ್ನು ಏರ್ಪಡಿಸಿದಾಗ ಅದಕ್ಕೆ ಎರಡು ಕೆಲಸಗಳಿದ್ದುವೆಂದು ಚರಿತ್ರಕಾರ ವಿಲ್ಕ್ಸನು ಬರೆದಿಟ್ಟಿದ್ದಾನೆ. ವರ್ತಮಾನವನ್ನು ಒಯ್ಯುವುದು ಒಂದು. ವರ್ತಮಾನವನ್ನು ಸಂಗ್ರಹಿಸುವುದು ಇನ್ನೊಂದು. ಅಂಚೆಯ ಅಧಿಕಾರಿಗಳು ಅರಸನ ಗುಪ್ತಚಾರರೂ ಆಗಿದ್ದರು. ತಮ್ಮ ಸೀಮೆಯ ಗುಟ್ಟುಗಳೆಲ್ಲ ಅವರ ಮೂಲಕ ಶ್ರೀರಂಗಪಟ್ಟಣವನ್ನು ಸೇರುತ್ತಿದ್ದುವು. ಆ ಅಂಚೆಯು 1889ರಲ್ಲಿ ಇಂಗ್ಲಿಷರ ಅಂಚೆಯಲ್ಲಿ ಲೀನವಾಯಿತು. ಆದರೆ ಕಾಗದವನ್ನು ಹೊರುವವನೇ ಕಾಗದ ಪಡೆದವನ ಚಾಡಿಯನ್ನೂ ಹೇಳುವ ಆ ಪದ್ಧತಿಯು ಹೊಸ ವೇಷದಲ್ಲಿ ನಮ್ಮ ಅಂಗೈಗೆ ಬಂದು ಕುಳಿತಿದೆ. ವಾಟ್ಸಾಪು ಹುಟ್ಟಿದುದು 2009ರಲ್ಲಿ; ಫೇಸ್‌ಬುಕ್ ಕಂಪನಿಯು ಅದನ್ನು ಕೊಂಡುಕೊಂಡುದು 2014ರಲ್ಲಿ; ಅದೇ ವರ್ಷದ ನವೆಂಬರಿನಲ್ಲಿ ಈ ಗುರುತುಗಳಿಗೆ ನೀಲಿ ಬಣ್ಣ ಬಂದಿತು. ಜನರು ಗೊಣಗಿದ ಮೇಲೆ ಅದನ್ನು ಆರಿಸಿಡುವ ಅನುಕೂಲವನ್ನೂ ಮಾಡಿಕೊಟ್ಟರು. ಆದರೆ ತನ್ನ ಗುರುತನ್ನು ಮುಚ್ಚಿದವನಿಗೆ ಇತರರ ಗುರುತೂ ಕಾಣಬಾರದೆಂದು ವಿಧಿಸಿದರು. ಇದೊಂದು ನ್ಯಾಯವಾದ ನಿಬಂಧನೆಯೆಂದೇ ಹೇಳಬೇಕು. ಎಷ್ಟೋ ಮಂದಿ ಅದನ್ನು ಆರಿಸದೆ ಉಳಿದಿರುವುದು ತಮ್ಮನ್ನು ಇತರರು ನೋಡಲೆಂದಲ್ಲವೆಂದೂ, ಇತರರನ್ನು ತಾವು ನೋಡುವ ಚಪಲದಿಂದಲೆಂದೂ ಇದರಿಂದ ಬಯಲಾಗುತ್ತದೆ.

ಈ ಸಾಕ್ಷಿಯ ಯೋಗ್ಯತೆಯನ್ನಾದರೂ ಪರೀಕ್ಷಿಸೋಣ. ಸಂದೇಶವಿರುವ ಆ ಪುಟವು ತೆರೆಯಿತೆಂಬುದಕ್ಕೆ ನೀಲಿ ಗುರುತು ಸಾಕ್ಷಿ. ತೆರೆದವನು ಓದಿದನೇ, ಓದಿದವನಿಗೆ ಅರ್ಥವಾಯಿತೇ, ಅರ್ಥವಾದಾಗ ಅವನು ಎಲ್ಲಿದ್ದನು, ಬಸ್ಸಿನ ನೂಕುನುಗ್ಗಲಿನಲ್ಲಿದ್ದನೋ ಆಸ್ಪತ್ರೆಯ ಬೆಂಚಿನ ಮೇಲಿದ್ದನೋ, ಇದಾವುದನ್ನೂ ಅದು ಅರಿಯದು. ಅಪ್ಪನ ಫೋನಿನಲ್ಲಿ ಚಿತ್ರ ನೋಡುತ್ತಿರುವ ನಾಲ್ಕು ವರ್ಷದ ಮಗುವಿನ ಬೆರಳು ತಗುಲಿದರೂ ಗುರುತು ನೀಲಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಪುಟವನ್ನು ತೆರೆಯದೆ ಮೇಲಿನ ಸೂಚನೆಯಲ್ಲಿಯೇ ಸಂದೇಶವನ್ನು ಪೂರ್ತಿ ಓದಿಕೊಂಡ ಚತುರನ ವಿಷಯದಲ್ಲಿ ಗುರುತು ಬೂದುಬಣ್ಣದಲ್ಲಿಯೇ ನಿಂತು, ಅವನು ಏನನ್ನೂ ಕಾಣನೆಂದು ಸುಳ್ಳು ಹೇಳುತ್ತದೆ. ಇಂಥ ದುರ್ಬಲವಾದ ಸಾಕ್ಷಿಯನ್ನು ನಂಬಿ ಹತ್ತು ವರ್ಷದ ಸ್ನೇಹಕ್ಕೆ ಶಿಕ್ಷೆ ವಿಧಿಸಿರೆಂದು ಹೇಳುವುದು ವಿದ್ವಾಂಸರಿಗೆ ಶೋಭಿಸುವ ಮಾತೇ?

ಇಷ್ಟೇ ಆಗಿದ್ದರೆ ನಾವು ಲೇಖನಿಯನ್ನು ಹಿಡಿಯುತ್ತಿರಲಿಲ್ಲ. ಆ ಉಪದೇಶವು ಎಂಥವರ ಕೈಗೆ ಆಯುಧವಾಗುತ್ತದೆಂಬುದನ್ನು ಭಾಷಣಕಾರರು ಯೋಚಿಸಿದಂತಿಲ್ಲ. ನಾವು ಬಲ್ಲ ಒಂದು ಮನೆಯ ಹುಡುಗಿ, ದಾದಿಯ ಕೆಲಸದಲ್ಲಿರತಕ್ಕವಳು, ಅವಳಿಗೆ ಮದುವೆ ನಿಶ್ಚಯವಾಯಿತು. ವರನು ಪಟ್ಟಣದಲ್ಲಿ ಒಳ್ಳೆಯ ಸಂಬಳದ ನೌಕರ. ನಿಶ್ಚಿತಾರ್ಥಕ್ಕೂ ಧಾರೆಗೂ ನಡುವೆ ಐದು ತಿಂಗಳಿದ್ದುದರಿಂದ ಹಿರಿಯರೇ ಇಬ್ಬರಿಗೂ ನಂಬರು ಕೊಟ್ಟು ಮಾತನಾಡಿಕೊಳ್ಳಿರೆಂದರು. ಮೊದಲ ತಿಂಗಳು ಸಂತೋಷವಾಗಿಯೇ ಕಳೆಯಿತು. ಅನಂತರ ಪ್ರಶ್ನೆಗಳು ಮೊದಲಾದುವು. "ನೋಡಿ ಇಪ್ಪತ್ತು ನಿಮಿಷವಾಯಿತು, ಏಕೆ ಉತ್ತರವಿಲ್ಲ?" "ರಾತ್ರಿ ಹನ್ನೊಂದೂಮುಕ್ಕಾಲಿಗೆ ಆನ್‌ಲೈನ್ ಇದ್ದೆಯಲ್ಲ, ಯಾರ ಸಂಗಡ?" ಆ ಹೊತ್ತಿನಲ್ಲಿ ಅವಳು ರಾತ್ರಿಯ ಪಾಳಿಯಲ್ಲಿದ್ದು, ಮರುದಿನದ ಕೆಲಸದ ಪಟ್ಟಿಯನ್ನು ನೋಡುವುದಕ್ಕಾಗಿ ಫೋನು ತೆರೆದಿದ್ದಳು. ಹಾಗೆಂದು ಹೇಳಿದರೆ ಆ ಪಟ್ಟಿಯ ಚಿತ್ರವನ್ನು ತೆಗೆದು ಕಳುಹಿಸೆಂದು ಅಪ್ಪಣೆಯಾಯಿತು. ಮೂರನೆಯ ತಿಂಗಳಿಗೆ ಆ ಹುಡುಗಿ ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಬಚ್ಚಲ ಕಿಟಕಿಯಲ್ಲಿ ಇಟ್ಟುಕೊಳ್ಳುವಂತಾದಳು. ಮನೆಯ ಹಿರಿಯರು ಮೊದಮೊದಲು ಇದನ್ನು ಕಂಡು ನಕ್ಕರು. ಹುಡುಗನಿಗೆ ಎಷ್ಟು ಪ್ರೀತಿ ನೋಡಿ, ಒಂದು ಗಳಿಗೆ ಬಿಟ್ಟಿರಲಾರನು ಎಂದರು. ಕಡೆಗೆ ಅವಳೇ ತಂದೆಯ ಮುಂದೆ ಕುಳಿತು, ಈ ಸಂಬಂಧ ಬೇಡವೆಂದು ಹೇಳಿದಳು. ಸಂಬಂಧ ಮುರಿಯಿತು. ಮುರಿದವಳೆಂಬ ಹೆಸರು ಅವಳ ಮೇಲೆಯೇ ನಿಂತಿತು. ಉತ್ತರ ಕೊಡದ ಸೊಕ್ಕಿನ ಹುಡುಗಿಯೆಂದು ಬಂಧುಗಳಲ್ಲಿ ಈಗಲೂ ಆಡಿಕೊಳ್ಳುವವರಿದ್ದಾರೆ.

ಆ ವರನು ಮಾಡಿದುದು ಏನು? ನಮ್ಮ ಭಾಷಣಕಾರರು ವೇದಿಕೆಯಲ್ಲಿ ಹೇಳಿದ ಸೂತ್ರವನ್ನು ಅವನು ಅನುಷ್ಠಾನಕ್ಕೆ ತಂದನು. ಉತ್ತರದ ವೇಗವೇ ಪ್ರೀತಿಯ ಅಳತೆಗೋಲೆಂದು ಒಮ್ಮೆ ಒಪ್ಪಿಬಿಟ್ಟರೆ ಗಡಿಯಾರ ಹಿಡಿದು ಕೂಡುವುದು ಪ್ರೇಮಿಯ ಹಕ್ಕೇ ಆಗುತ್ತದೆ. ಸೂರ್ಯಾಸ್ತಮಾನದವರೆಗೆ ಕಾಯಿರೆಂದು ಇವರು ಹೇಳಿದರು. ಇಪ್ಪತ್ತು ನಿಮಿಷ ಸಾಕೆಂದು ಅವನು ಹೇಳಿದನು. ತತ್ತ್ವ ಒಂದೇ. ಈ ಗಡಿಯಾರದ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕಾಗುವವರು ಹೆಚ್ಚಾಗಿ ಹೆಣ್ಣುಮಕ್ಕಳೆಂಬುದನ್ನು ನಾವು ಒತ್ತಿ ಹೇಳಬಯಸುತ್ತೇವೆ. ಅಣ್ಣ ತಡವಾಗಿ ಉತ್ತರಿಸಿದರೆ ಅವನಿಗೆ ಕೆಲಸವಿರಬೇಕೆನ್ನುವ ಮನೆಯೇ ತಂಗಿಯ ತಡಕ್ಕೆ ಕಾರಣ ಕೇಳುತ್ತದೆ. ಲಾಸ್ಟ್ ಸೀನ್ ಎಂಬ ಆ ವೇಳೆಯ ಗುರುತನ್ನು, 2022ರಿಂದ ಈಚೆಗೆ ಆನ್‌ಲೈನ್ ಎಂಬ ಸೂಚನೆಯನ್ನೂ, ಮುಚ್ಚಿಡುವ ಸೌಕರ್ಯವಿದೆ, ಆದರೆ ಮುಚ್ಚಿದವಳಿಗೆ "ಏನನ್ನು ಮುಚ್ಚುತ್ತೀಯೆ?" ಎಂಬ ಇನ್ನೊಂದು ಪ್ರಶ್ನೆ ಕಾದಿರುತ್ತದೆ.

ಇದಕ್ಕೆ ಪೂರ್ತಿ ವಿರುದ್ಧವಾದ ಒಂದು ಪಂಥವೂ ಇದೆ. ಭಾಷಣಕಾರರು ಅದನ್ನು ಎತ್ತಲಿಲ್ಲವಾದರೂ, ಸಭೆ ಮುಗಿದ ಬಳಿಕ ಹೊರಗೆ ಕಾಫಿ ಕುಡಿಯುತ್ತ ನಿಂತ ತರುಣರು ಅದನ್ನೇ ಚರ್ಚಿಸುತ್ತಿದ್ದರು. ಇಂದಿನವರು ಡೇಟಿಂಗ್ ಎಂದು ಕರೆಯುವ ಪರಿಚಯಕಾಲದಲ್ಲಿ ಬೇಗ ಉತ್ತರಿಸಿದವರು ಅಗ್ಗವಾಗುತ್ತಾರಂತೆ. ಆದಕಾರಣ ಬೇಕೆಂದೇ ತಡಮಾಡಬೇಕಂತೆ. ಇದು ಇಲ್ಲಿ ಹುಟ್ಟಿದ ಶಾಸ್ತ್ರವಲ್ಲ. 1995ರಲ್ಲಿ ಅಮೆರಿಕಾ ದೇಶದಲ್ಲಿ ಎಲೆನ್ ಫೈನ್, ಶೆರಿ ಷ್ನೈಡರ್ ಎಂಬ ಇಬ್ಬರು ಸ್ತ್ರೀಯರು "ದಿ ರೂಲ್ಸ್" ಎಂಬ ಕೈಪಿಡಿಯನ್ನು ಬರೆದು, ಹೆಣ್ಣಾದವಳು ಗಂಡಸಿಗೆ ತಾನಾಗಿ ಫೋನು ಮಾಡಕೂಡದೆಂದು ಬೋಧಿಸಿದರು. 2013ರಲ್ಲಿ ಹೊರತಂದ ಅದರ ಹೊಸ ಪುಸ್ತಕದಲ್ಲಿ ಸಂದೇಶಗಳಿಗೂ ಕಾಲನಿಯಮ ಹಾಕಿದರು: ಗಂಡಸಿನ ಮೊದಲ ಸಂದೇಶಕ್ಕೆ ಉತ್ತರಿಸಲು ಕನಿಷ್ಠ ನಾಲ್ಕು ಗಂಟೆ, ಅನಂತರದವಕ್ಕೆ ಕನಿಷ್ಠ ಅರ್ಧ ಗಂಟೆ. ಪಂಚಾಂಗದಲ್ಲಿ ರಾಹುಕಾಲ ಗುಳಿಕಕಾಲಗಳನ್ನು ನೋಡಿ ಹೊರಡುವ ನಮ್ಮ ಅಜ್ಜಿಯರನ್ನು ನೋಡಿ ನಗುವವರು ಈ ನಾಲ್ಕು ಗಂಟೆಯ ಲೆಕ್ಕವನ್ನು ಮಾತ್ರ ನಗದೆ ಪಾಲಿಸುತ್ತಾರೆ. ಕೈಯಲ್ಲಿ ಉತ್ತರ ಸಿದ್ಧವಾಗಿದ್ದು, ಮನಸ್ಸಿನಲ್ಲಿ ಉತ್ಸಾಹವಿದ್ದು, ಬೆರಳನ್ನು ತಡೆದು ಕುಳಿತಿರುವುದು ಎಂಥ ಅವಸ್ಥೆ! ಸಂತೆಯಲ್ಲಿ ಎತ್ತಿನ ವ್ಯಾಪಾರಿಯು ಟವಲಿನ ಮರೆಯಲ್ಲಿ ಬೆರಳು ಹಿಡಿದು ದರ ಏರಿಸುವಂತೆ ಇದು. ವ್ಯಾಪಾರದಲ್ಲಿ ಅದು ಸಲ್ಲುತ್ತದೆ. ಕೆಲಸದಿಂದಾದ ತಡವನ್ನೂ ಸೋಮಾರಿತನದಿಂದಾದ ತಡವನ್ನೂ ನಾವು ಕ್ಷಮಿಸಬಲ್ಲೆವು. ಅಳೆದು ಸುರಿದ ಈ ತಡವನ್ನು ಕ್ಷಮಿಸಲಾರೆವು. ಬೇಗ ಉತ್ತರಿಸಬೇಕೆನ್ನುವ ಭಾಷಣಕಾರರೂ ತಡವಾಗಿ ಉತ್ತರಿಸಬೇಕೆನ್ನುವ ಈ ತರುಣರೂ ಮೇಲುನೋಟಕ್ಕೆ ಶತ್ರುಗಳು. ಒಳಗೆ ಇಬ್ಬರೂ ಒಂದೇ ಗಡಿಯಾರದ ಭಕ್ತರು.

ಹಾಗಾದರೆ ಉತ್ತರಿಸುವುದೇ ಬೇಡವೇ, ಹೇಳದೆ ಕೇಳದೆ ಮಾಯವಾಗುವವನನ್ನೂ ನೀವು ಸಮರ್ಥಿಸುತ್ತೀರಾ, ಎಂದು ಕೇಳುವವರುಂಟು. ಈ ಒಂದು ವಿಷಯದಲ್ಲಿ ನಾವು ಭಾಷಣಕಾರರ ಪಕ್ಷವೇ. ವಿಳಂಬ ಬೇರೆ, ಲೋಪ ಬೇರೆ. ತಿಂಗಳುಗಟ್ಟಲೆ ಮಾತನಾಡಿ, ಆಸೆ ಹುಟ್ಟಿಸಿ, ಒಂದು ದಿನ ಬಾಗಿಲು ಹಾಕಿಕೊಂಡು ಕುಳಿತುಬಿಡುವುದು ಈ ಕಾಲದ ಹೊಸ ಪಾಪವೆಂದು ಎಲ್ಲರೂ ಹಲುಬುತ್ತಾರೆ. ಹೊಸದೆಂಬುದನ್ನು ಮಾತ್ರ ನಾವು ಒಪ್ಪೆವು. ಹೆಣ್ಣು ನೋಡಲು ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, ಹಾಡು ಹೇಳಿಸಿ, ಎಲೆಅಡಿಕೆ ಹಾಕಿಕೊಂಡು ಏಳುವಾಗ "ಊರಿಗೆ ಹೋಗಿ ಕಾಗದ ಬರೆಯುತ್ತೇವೆ" ಎಂದ ಎಷ್ಟು ಮಂದಿ ಕಾಗದ ಬರೆದರು? ಒಪ್ಪಿಗೆಯಾದರೆ ಬರೆಯುತ್ತಿದ್ದರು, ಇಲ್ಲದಿದ್ದರೆ ಮೌನವೇ ಉತ್ತರವೆಂದು ಬಿಟ್ಟುಬಿಡುತ್ತಿದ್ದರು. ಇತ್ತ ಹುಡುಗಿಯ ತಂದೆ ಟಪಾಲಿನವನ ಸೈಕಲಿನ ಗಂಟೆಗೆ ಕಿವಿಗೊಟ್ಟು ಜಗಲಿಯಲ್ಲಿ ಕೂಡುತ್ತಿದ್ದನು. ಬೇರೆ ಗಂಡು ನೋಡಲೋ ಬೇಡವೋ ಎಂದು ತೊಳಲುತ್ತಿದ್ದನು. ಒಳಗಿನಿಂದ ಆ ಹುಡುಗಿ ಎಲ್ಲವನ್ನೂ ಕಾಣುತ್ತಿದ್ದಳು. ಎರಡು ಸಾಲು ಬರೆದು ನಿಮ್ಮ ಸಂಬಂಧ ನಮಗೆ ಕೂಡಿಬರುವುದಿಲ್ಲವೆಂದು ತಿಳಿಸುವುದಕ್ಕೆ ಕಾರ್ಡಿನ ಕಾಸು ಹೆಚ್ಚಾಗಿರಲಿಲ್ಲ. ಇಲ್ಲವೆಂದು ಹೇಳುವ ದಾಕ್ಷಿಣ್ಯಕ್ಕೆ ಸಿಕ್ಕಿ ದೊಡ್ಡ ಮನುಷ್ಯರು ಚಿಕ್ಕತನ ಮಾಡುತ್ತಿದ್ದರು. ಇಂದಿನ ತರುಣರು ಆ ದೊಡ್ಡ ಮನುಷ್ಯರ ಮೊಮ್ಮಕ್ಕಳೇ. ಇಲ್ಲವೆಂಬ ಉತ್ತರಕ್ಕೆ ಕಾದಿರುವವರಿಗೆ ಆ ಉತ್ತರವು ಸಲ್ಲಲೇಬೇಕಾದ ಋಣ. ಅದನ್ನು ಬೇಗನೆ ತೀರಿಸಿದಷ್ಟೂ ಒಳ್ಳೆಯದು. ಭಾಷಣಕಾರರು ತಮ್ಮ ಕಟ್ಟುನಿಟ್ಟನ್ನೆಲ್ಲ ಈ ಒಂದು ಕಡೆ ಪ್ರಯೋಗಿಸಿದ್ದರೆ ನಾವೂ ಚಪ್ಪಾಳೆ ತಟ್ಟುತ್ತಿದ್ದೆವು.

ಸ್ನೇಹದಲ್ಲಿಯ ಮಾತು ಇದಕ್ಕಿಂತ ಸಡಿಲವಾದುದು. ಅಲ್ಲಿ ಕಾದಿರುವ ನಿರ್ಣಯವೇನೂ ಇರುವುದಿಲ್ಲ. ಮೇಘದೂತದ ಕೊನೆಗೆ, ಇಷ್ಟೆಲ್ಲ ಬೇಡಿದರೂ ಒಂದು ಮಾತನ್ನೂ ಆಡದ ಮೋಡವನ್ನು ಕುರಿತು ಯಕ್ಷನು, ನಿನ್ನ ಮೌನವನ್ನು ನಿರಾಕರಣೆಯೆಂದು ಎಣಿಸಲಾರೆನೆಂದು ಹೇಳುವುದನ್ನು ವಾಚಕರು ಬಲ್ಲರು. ವಿರಹದಿಂದ ಕಂಗೆಟ್ಟವನಿಗೆ ಇದ್ದ ಈ ವಿವೇಕವು ಎರಡು ಹೊತ್ತು ಉಂಡು ನೆಮ್ಮದಿಯಾಗಿರುವ ನಮಗೆ ಇರಬಾರದೇ? ದುಬೈಯಲ್ಲಿ ದುಡಿಯುವ ಉಡುಪಿಯವನಿಗೂ ಅವನ ಮನೆಗೂ ಒಂದೂವರೆ ಗಂಟೆಯ ಅಂತರ. ಕ್ಯಾಲಿಫೋರ್ನಿಯದಲ್ಲಿರುವ ಮಗಳಿಗೂ ತಾಯಿಗೂ ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ. ಚಳಿಗಾಲದಲ್ಲಿ ಇಲ್ಲಿ ಹೊತ್ತು ಮುಳುಗುವಾಗ ಅಲ್ಲಿ ಇನ್ನೂ ಬೆಳಕು ಹರಿದಿರುವುದಿಲ್ಲ. ಯಾರ ಸೂರ್ಯಾಸ್ತಮಾನವನ್ನು ಗಡುವೆಂದು ಇಡೋಣ? ಅಷ್ಟು ದೂರವೂ ಬೇಡ. 2020ರಲ್ಲಿ ಪಾಠಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಹುಡುಗರು ಕೊಡೆ ಹಿಡಿದು ಗುಡ್ಡದ ನೆತ್ತಿಯಲ್ಲಿ ಕುಳಿತು ನೆಟ್‌ವರ್ಕ್ ಹುಡುಕಿದುದನ್ನು ನಾವೆಲ್ಲ ಬಲ್ಲೆವು. ಮತ್ತೆ ಕೆಲವರ ಮೌನಕ್ಕೆ ನೆಟ್‌ವರ್ಕಿನ ಕಾರಣವೂ ಇರುವುದಿಲ್ಲ. ಮನೆಯಲ್ಲಿ ಸಾವಾದವನು, ಕೆಲಸ ಕಳೆದುಕೊಂಡವನು, ಕಾರಣ ತಿಳಿಯದೆಯೇ ಮಂಕು ಹಿಡಿದು ಕುಳಿತವಳು, ಇವರೇ ಮೊದಲು ಉತ್ತರ ನಿಲ್ಲಿಸುವವರು. ಸಂಜೆಯೊಳಗೆ ಬಾರದ ಉತ್ತರಕ್ಕಾಗಿ ಸ್ನೇಹ ಬಿಡಬೇಕೆಂಬ ಉಪದೇಶವು ಮೊದಲು ತೊರೆಯುವುದು ಇವರನ್ನೇ. ಮೂರು ಸಂದೇಶಕ್ಕೆ ಉತ್ತರ ಬಾರದಿದ್ದರೆ ನಾಲ್ಕನೆಯದನ್ನು ಕಳುಹಿಸುವ ಬದಲು ಬಸ್ಸು ಹತ್ತಿ ಹೋಗಿ ನೋಡಬೇಕಾದ ಸ್ಥಳವದು.

ಪ್ರಾಣಾಪಾಯ, ಪ್ರಯಾಣ, ರೋಗ, ಹಣಕಾಸಿನ ತುರ್ತು, ಇವುಗಳಿಗೆ ಸಂದೇಶವನ್ನೇ ನೆಚ್ಚಿ ಕೂಡತಕ್ಕದ್ದಲ್ಲ. ನೇರವಾಗಿ ಕರೆ ಮಾಡಬೇಕು. ಹಾಗೆ ಮಾಡುವವರನ್ನು ಯಾರೂ ಆಕ್ಷೇಪಿಸಲಾರರು. ನಮ್ಮ ಸಂಘದ ಸದಸ್ಯರು ತಮ್ಮ ತಮ್ಮ ಫೋನುಗಳಲ್ಲಿ ಆ ನೀಲಿ ಗುರುತನ್ನು ಆರಿಸಿಡಬೇಕೆಂದೂ, ಮನೆಯ ಹೆಣ್ಣುಮಕ್ಕಳು ಆರಿಸಿಟ್ಟರೆ ಕಾರಣ ಕೇಳಬಾರದೆಂದೂ ಮುಂದಿನ ಸಭೆಯಲ್ಲಿ ನಾವು ಸೂಚನೆ ಮಂಡಿಸಲಿದ್ದೇವೆ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಆರಿಸಲು ಬರುವುದಿಲ್ಲವಾದುದರಿಂದ, ಸಭೆಯ ತಿಳಿವಳಿಕೆಯನ್ನು ಯಾರು ಯಾರು ನೋಡಿದರೆಂದು ಹುಡುಕುವ ಅಭ್ಯಾಸವನ್ನು ಕಾರ್ಯದರ್ಶಿಗಳು ಬಿಡಬೇಕೆಂದೂ ಅದರಲ್ಲಿ ಸೇರಿಸಿದ್ದೇವೆ. ಭಾಷಣಕಾರರು ಇದನ್ನು ವಿರೋಧಿಸುವುದಾದರೆ ಅವರ ಪ್ರತಿವಾದಕ್ಕೆ ಈ ಪತ್ರಿಕೆಯಲ್ಲಿ ಸ್ಥಳವಿದೆಯೆಂದು ಸಂಪಾದಕರು ತಿಳಿಸಿರುತ್ತಾರೆ. ಬರುವ ಸಂಚಿಕೆಗೆ ಆಗದಿದ್ದರೆ ಅದರ ಮುಂದಿನದಕ್ಕೆ ಬರೆಯಲಿ, ನಮಗೇನೂ ಆತುರವಿಲ್ಲ.